ಸೀದ ಬೆಲ್ಲದ ವಾಸನೆ

೧೯೮೬ರ ಫೆಬ್ರವರಿ ೧೪, ಬೆಳಿಗ್ಗೆ ಒಂಬತ್ತಕ್ಕೆ ಪಂಪಮ್ಮ ಕಂಪ್ಲಿ ಠಾಣೆಯ ಮೆಟ್ಟಿಲು ಹತ್ತಿ ಬಂದಳು.

"ನಮ್ಮ ಆಲೆಮನ್ಯಾಗ ನನ್ನ ಗಂಡನ್ನ ಹೊಡದು ಕೊಂದಾರ್ರಿ. ಪಾಕ ನೋಡೋ ಜಂಬಯ್ಯ. ಬೆಲ್ಲ ತಿರುವೋ ಹುಟ್ಟು ತಗಂಡು ತಲಿಗೆ ಹೊಡದ."

"ಯಾಕ ಹೊಡದ?" ಇನ್ಸ್‌ಪೆಕ್ಟರ್ ಮರುಳಸಿದ್ದಪ್ಪ ಕೇಳಿದ.

"ಅದನ್ನ ನೀವು ಹೇಳ್ರಿ. ಸಣ್ಣಂದಿನಿಂದ ಇಬ್ಬರೂ ಒಂದ ತಾಟಿನ್ಯಾಗ ಉಂಡೋರು. ಯಾಕಂತ ನನಗ ಗೊತ್ತಾಗಬೇಕು."

ಕಲಂ ೩೦೨, ಎಫ್‌ಐಆರ್ ಆಯಿತು. ಹೆಣ್ಣು, ಹೊನ್ನು, ಮಣ್ಣು ಬಿಟ್ಟರೆ ಕೊಲೆಗೆ ಬೇರೆ ಕಾರಣವಿಲ್ಲ ಎಂದು ಮರುಳಸಿದ್ದಪ್ಪ ನಂಬಿದ್ದ. ಕಾಲುವೆ ಬಂದ ಮೇಲೆ ಪಟ್ಟಿಗೆ ನೀರನ್ನೂ ಸೇರಿಸಿಕೊಂಡಿದ್ದ. ಸತ್ತ ಉಜ್ಜಿನಪ್ಪನ ಹೊಲಕ್ಕೂ ಜಂಬಯ್ಯನ ಹೊಲಕ್ಕೂ ಒಂದೇ ತೂಬು. ಜೀಪು ಹತ್ತುವ ಮೊದಲೇ ಅವನ ತಲೆಯಲ್ಲಿ ಅರ್ಧ ಕೇಸು ಮುಗಿದಿತ್ತು. ಬೇಗ ಮುಗಿಯುವ ಕೇಸೆಂದರೆ ಪೊಲೀಸರಿಗೆ ಮಗಳ ಮದುವೆ ಮುಗಿದಷ್ಟು ಸಮಾಧಾನ.

ಆಲೆಮನೆಯ ಹೊಗೆ ಮಂಜಿನೊಳಗೆ ಕಲೆತು ಕಬ್ಬಿನ ಗದ್ದೆಗಳ ಮೇಲೆ ಮಲಗಿತ್ತು. ಕಾಲುವೆಯ ನೀರು ಸದ್ದಿಲ್ಲದೆ ಹೋಗುತ್ತಿತ್ತು. ಎಚ್ಚರವಿದ್ದೂ ಕನಸಿನೊಳಗೆ ನಡೆಯುತ್ತಿದ್ದೇನೆ ಎನ್ನಿಸಿತು ಮರುಳಸಿದ್ದಪ್ಪನಿಗೆ. ಪಂಚರು ಬಂದರು, ಹೆಣದ ಪಂಚನಾಮೆ ಮುಗಿಯಿತು. ಕಾನ್‌ಸ್ಟೇಬಲ್ ಅಂಜಿನಯ್ಯ ಬೆಲ್ಲದ ಅಚ್ಚಿನಲ್ಲಿ ಬೆರಳಿಟ್ಟ. ಬೆಲ್ಲ ಕಟ್ಟಿರಲಿಲ್ಲ, ನೀರಾಗಿ ಹರಿಯಿತು.

ಮರುಳಸಿದ್ದಪ್ಪ ಒಲೆಗೆ ಉರಿ ಹಾಕುವ ಪಾಲಪ್ಪನನ್ನು ಕರೆದ.

"ಪಾಕ ಬರೋ ಮೊದಲ ಕೊಪ್ಪರಿಗಿ ಯಾಕ ಇಳಿಸಿದ್ರಿ?"

"ಸೀದೈತಿ, ಇಳಸ್ರಿ ಅಂದ ಜಂಬಯ್ಯ."

"ಸೀದಿತ್ತಾ?"

"ಇಲ್ರಿ. ನಮಗ್ಯಾರಿಗೂ ವಾಸ್ನಿ ಬರಲಿಲ್ಲ."

"ಮತ್ತ?"

"ಪಾಕದವ ಇಳಸು ಅಂದ್ರ ಇಳಸಬೇಕ್ರಿ. ಕಬ್ಬಿನ ಮಾಲಕನೂ ಎದುರಾಡಂಗಿಲ್ಲ. ಆಲೆಮನಿ ಪದ್ಧತಿ."

ಆ ಹಂಗಾಮಿನಲ್ಲಿ ಹಾಳಾದದ್ದು ಇದೊಂದೇ ಕೊಪ್ಪರಿಗೆಯಲ್ಲ. ಆದರೂ ಜಂಬಯ್ಯನ ಮೂಗಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಎಲ್ಲರೂ ಕಬ್ಬನ್ನೇ ಬೈದಿದ್ದರು. ಇವತ್ತು ಮಾತ್ರ ಉಜ್ಜಿನಪ್ಪ ನಕ್ಕು, ಗೆಳೆಯನ ಭುಜ ಹಿಡಿದು ಅಲುಗಾಡಿಸಿ, "ನಿನ್ನ ಮೂಗಿಗೂ ವಯಸ್ಸಾತೇನಲೇ?" ಅಂದನಂತೆ.

"ಜಂಬಯ್ಯಗ ಸಿಟ್ಟು ಬಂತಾ?"

"ಮಾರಿ ಮ್ಯಾಲೆ ಸಿಟ್ಟ ಇರಲಿಲ್ರಿ. ನಿದ್ದಿಯಾಗ ಇದ್ದಂಗಿದ್ದ. ಬಾಯಿ ಚಪ್ಪರಿಸ್ತಿದ್ದ. ಹೊಡದ, ಹುಟ್ಟು ಇಟ್ಟ, ಹೊಳಿ ಕಡಿ ನಡದ."

ಹೊಳೆಯ ದಂಡೆಯಲ್ಲಿ ಜಂಬಯ್ಯ ನೀರಿಗೆ ಕಾಲು ಬಿಟ್ಟು ಕೂತಿದ್ದ. ಪೊಲೀಸರನ್ನು ಕಂಡು ಎದ್ದು ಕೈಮುಗಿದ.

"ಉಜ್ಜಿನಪ್ಪನ್ನ ಯಾಕ ಹೊಡದಿ?"

"ಅವಗ ಯಾರು ಹೊಡದ್ರಿ? ದವಾಖಾನಿಗೆ ಒಯ್ದ್ರಾ?"

"ಸತ್ತಾನ. ಹೊಡದಾಂವ ನೀನು."

ಸುಳ್ಳು ಹೇಳುವವನು ಎದುರಿಗಿರುವವನ ಮುಖ ನೋಡುತ್ತಾನೆ. ಜಂಬಯ್ಯ ತನ್ನ ಅಂಗೈಗಳನ್ನು ನೋಡಿಕೊಂಡ, ಯಾರೋ ಬೇರೆಯವರ ಕೈಗಳೆಂಬಂತೆ.

"ನೀರಿನ ಜಗಳ ಇತ್ತಾ?"

"ತನ್ನ ಪಾಳಿ ನೀರನ್ನೂ ನನಗ ಬಿಡ್ತಿದ್ದ."

"ಏನು ನೆನಪೈತಿ ಹೇಳು."

"ಸೀದ ವಾಸ್ನಿ ಬಂತ್ರಿ. ಅದು ಬಂದ್ರ ಎಲ್ಲಾ ದೂರ ಹೋಗತೈತಿ. ನೀರಾಗ ಮುಳುಗಿ ದಂಡಿ ಮ್ಯಾಲಿನ ಮಾತು ಕೇಳಿದಂಗ. ಎಚ್ಚರಾದಾಗ ಬ್ಯಾರೆ ಕಡಿ ಕುಂತಿರ್ತೀನಿ."

ಮಧ್ಯಾಹ್ನ ಲಾಕಪ್ಪಿನಲ್ಲಿ ಅದು ಮತ್ತೆ ಬಂತು. "ಇಳಸ್ರಿ, ಸೀದೈತಿ" ಎಂದ; ಕಣ್ಣು ಗೋಡೆಯ ಆಚೆ ಎಲ್ಲೋ ನೆಟ್ಟವು, ಬಾಯಿ ಚಪ್ಪರಿಸತೊಡಗಿತು. ಅಂಜಿನಯ್ಯ ತೋಳು ಹಿಡಿದದ್ದೇ ತಡ, ಜಂಬಯ್ಯ ಅವನನ್ನು ಗೋಡೆಗೆ ಅಪ್ಪಳಿಸಿಬಿಟ್ಟ. ಆಮೇಲೆ ಕೂಸಿನಂತೆ ಮಲಗಿದ. ಮರುಳಸಿದ್ದಪ್ಪನಿಗೆ ಭಯವಾಯಿತು. ಮುಗಿದೇ ಹೋಯಿತೆಂದುಕೊಂಡ ಕೇಸು ಕೈಯಿಂದ ಜಾರಿತ್ತು.

ಡಾಕ್ಟರ್ ಕೊಟ್ರಬಸಪ್ಪ ಬಂದು ನೋಡಿದರು. "ಕಿವಿಯ ನೇರಕ್ಕ, ಮಿದುಳಿನ ಒಳಗ ಬಾದಾಮಿಯಷ್ಟು ಒಂದು ಜಾಗ ಐತಿ. ಭಯ, ಸಿಟ್ಟು ಏಳೋದು ಅಲ್ಲೆ. ವಾಸನಿ ತಿಳಿಯೋ ಜಾಗಾನೂ ಅದರ ಮಗ್ಗಲಾಗ. ಅಲ್ಲೊಂದು ಗಡ್ಡಿ ಬೆಳದಿರಬೇಕು. ಇಲ್ಲದ ವಾಸನಿ ಬರತೈತಿ, ಮೈಮ್ಯಾಲೆ ಎಚ್ಚರ ಇರಂಗಿಲ್ಲ. ಆಗ ಹಿಡದ್ರ ಹೊಡದುಬಿಡ್ತಾರ."

ಮುಂದೆ ಬೆಂಗಳೂರಿನಲ್ಲಿ ತೆಗೆದ ತಲೆಯ ಸ್ಕ್ಯಾನಿನಲ್ಲಿ ಹುಣಸೆಬೀಜದಷ್ಟು ಗಡ್ಡೆ ಕಂಡಿತು. ಆದರೆ ಆ ಸಂಜೆ ಇದ್ದದ್ದು ಅಂದಾಜು ಮಾತ್ರ. ಮರುಳಸಿದ್ದಪ್ಪ ಆ ಅಂದಾಜನ್ನೇ ನಂಬಿದ. ಕೇಸ್ ಡೈರಿಯಲ್ಲಿ "ದ್ವೇಷ ಕಂಡುಬಂದಿಲ್ಲ, ತಲೆಯ ತಪಾಸಣೆ ಆಗಬೇಕು" ಎಂದು ಬರೆದು, ಆರು ಗಂಟೆಗೆ ಕಾಗದದ ಮೇಲೆ ದಸ್ತಗಿರಿ ತೋರಿಸಿದ.

ಪಂಪಮ್ಮ ಬಂದಳು. ಮರುಳಸಿದ್ದಪ್ಪ ಅವಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ.

"ಸಿಟ್ಟಿದ್ದಿದ್ರ ಶಾಪ ಹಾಕ್ತಿದ್ನಿ. ಈಗ ನನ್ನ ಗಂಡನ್ನ ಯಾರು ಕೊಂದ್ರು ಅಂತ ತಿಳ್ಕಳ್ಳಿ, ಸಾಹೇಬ್ರ?"

ಸರಳಿನ ಹಿಂದಿನಿಂದ ಜಂಬಯ್ಯ ಮಾತಾಡಿದ.

"ನಾನವ್ವ, ಪಂಪವ್ವ. ಗಡ್ಡಿಗೆ ಕೈ ಇರಂಗಿಲ್ಲ. ಕೈ ನಂದು. ನನಗ ಹಾಕು ಶಾಪ."

ಪಂಪಮ್ಮ ಬಾಯಿ ತೆರೆದಳು. ಶಾಪ ಹೊರಡಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಅಲ್ಲೇ, ಅವನೆದುರಿಗೇ, ನೆಲಕ್ಕೆ ಕುಸಿದು ಕೂತಳು.