ಅಜ್ಜಿಯ ಸೂಟ್‌ಕೇಸ್

ಒಂದಾನೊಂದು ಕಾಲದಲ್ಲಿ ಎಂದೇ ಶುರು ಮಾಡುತ್ತೇನೆ, ಅಜ್ಜಿ ಹೇಳುತ್ತಿದ್ದುದೇ ಹಾಗೆ. ಆದರೆ ಇದು ಹೋದ ಜನವರಿಯಲ್ಲಿ ನಡೆದದ್ದು.

ಲಾ ಪಾಸ್ ನಗರದ ಅಲಸಿತಾಸ್ ಎಂಬ ಪುಟ್ಟ ಆಟಿಕೆಗಳ ಸಂತೆಯಲ್ಲಿ ಮಧ್ಯಾಹ್ನ ಹನ್ನೆರಡು ಬಡಿಯುವಾಗ ಕೊಂಡ ಆಟಿಕೆ ಆ ವರ್ಷವೇ ನಿಜದ ವಸ್ತುವಾಗುತ್ತದೆ. ಊರು ಬಿಟ್ಟು ಕದಲದ ಅಜ್ಜಿ, "ನಂಗೊಂದು ಪುಟ್ಟ ಸೂಟ್‌ಕೇಸ್ ತಾರೇ, ನಾನೂ ಎಲ್ಲಾದ್ರೂ ಹೋಗ್ತೀನಿ" ಎಂದಿದ್ದಳು. ನಾನು ಮಾತು ಕೊಟ್ಟೆ. ನವೆಂಬರಿನಲ್ಲಿ ಅವಳು ತೀರಿಕೊಂಡಳು.

ಕೊಟ್ಟ ಮಾತು ಉಳಿಸಲು ಅಪ್ಪ, ಅಮ್ಮ, ತಂಗಿ, ನಾನು, ನಾಲ್ವರೂ ಸಂತೆಯ ಹಿಂದಿನ ರಾತ್ರಿ ಅಲ್ಲಿನ ಅಗ್ಗದ ಹೋಟೆಲೊಂದರಲ್ಲಿ ಇಳಿದೆವು. ಜೀವಮಾನದ ಮೊದಲ ಹೋಟೆಲು! ತಂಗಿ ನೈರಾ ಮಂಚದಿಂದ ಮಂಚಕ್ಕೆ ಹಾರಿದಳು. ಬೆಳಿಗ್ಗೆ ಹೋಟೆಲಿನಾಕೆ ಐದು ಲೋಟ ಬಿಸಿ ಜೋಳದ ಗಂಜಿ ತಂದಳು.

"ನಾವು ನಾಲ್ಕೇ ಜನ ಕಣಮ್ಮ," ಎಂದ ಅಪ್ಪ.

"ಮತ್ತೆ ರಾತ್ರಿ ನಿಮ್ಮ ಹಿಂದೆ ಏದುಸಿರು ಬಿಡ್ತಾ ಮೆಟ್ಲು ಹತ್ತಿದ್ದು ಯಾರು?"

ಹೊರಡುವಾಗ ಬಚ್ಚಲಿನ ಚಿಲಕ ಒಳಗಿಂದ ಹಾಕಿತ್ತು. ತಣ್ಣೀರಷ್ಟೇ ಬರುವ ಆ ಬಚ್ಚಲಿನ ಬಾಗಿಲ ಕೆಳಗಿಂದ ಹಬೆ ಬರುತ್ತಿತ್ತು.

"ನೈರಾ, ಬೇಗ ಬಾರೇ!" ಅಮ್ಮ ಬಾಗಿಲು ಬಡಿದಳು.

"ನಾನಿಲ್ಲೇ ಇದ್ದೀನಲ್ಲಮ್ಮ!" ಎಂದಳು ನೈರಾ, ಅಮ್ಮನ ಬೆನ್ನ ಹಿಂದಿನಿಂದ.

"ನಡೀರಿ, ಗಂಟೆ ನಮಗೋಸ್ಕರ ಕಾಯಲ್ಲ!" ಅಪ್ಪ ನಮ್ಮನ್ನೆಲ್ಲ ಹೊರಗೆ ತಳ್ಳಿದ.

ಸಂತೆಗೆ ಓಡಿದೆವು. ಇಗರ್ಜಿಯಲ್ಲಿ ಹನ್ನೆರಡರ ಮೊದಲ ಗಂಟೆ ಬಡಿದಾಗಲೇ ಹೆಬ್ಬೆರಳಷ್ಟು ತಗಡಿನ ಸೂಟ್‌ಕೇಸೊಂದನ್ನು ಕೊಂಡು ಅಂಗೈಲಿಟ್ಟುಕೊಂಡೆ. ಹನ್ನೆರಡನೆಯದು ಬಡಿಯುವಷ್ಟರಲ್ಲಿ ಅದನ್ನು ಹೊರಲು ನನಗೆ ಎರಡೂ ಕೈ ಬೇಕಾದವು.