ಬೆಳ್ಳಿಗೂ ಬೆಳಕಿಗೂ ನಡುವೆ

"ಛೀ... ನನ್ನ ಗಾಜು ಮುಟ್ಟಿ ಅಂತ ನಿಮಗೆ ಹೇಳಿದ್ಯಾರು?"

ಪ್ರಯೋಗಾಲಯದ ಬಾಗಿಲಲ್ಲೇ ಅವಳು ಮೂಗು ಮುಚ್ಚಿ ನಿಂತಳು. ಕೊಳೆತ ಬೆಳ್ಳುಳ್ಳಿಯನ್ನು ಚರಂಡಿ ನೀರಿನಲ್ಲಿ ಕದಡಿದಂಥ ದುರ್ನಾತ. ಪಕ್ಕದ ಮೇಜಿನ ಸಹಸಂಶೋಧಕ, ಬೆಳ್ಳಿ ಲೇಪಿಸಿದ ಅವಳ ಗಾಜಿನ ತುಣುಕನ್ನು ಆ ನಾರುವ ದ್ರವದಿಂದ ಇಕ್ಕುಳದಲ್ಲಿ ಮೇಲೆತ್ತುತ್ತಿದ್ದ. ಆ ನಾತದಿಂದಾಗಿ ಎಲ್ಲರೂ ಅವನನ್ನು 'ಗಂಧಕ' ಎಂದೇ ಕರೆಯುತ್ತಿದ್ದರು.

"ಬೆಳ್ಳಿ ಮೇಲೆ ಒಂದು ಪದರ..."

"ಮಾತಾಡ್ಬೇಡಿ. ವಾಕರಿಕೆ ಬರುತ್ತೆ."

ಜುಗುಪ್ಸೆಯಿದ್ದಲ್ಲಿ ಶೃಂಗಾರಕ್ಕೆ ತಾವಿಲ್ಲವೆಂದು ಕಾವ್ಯಶಾಸ್ತ್ರದ ಹಿರಿಯರು ವಿಧಿಸಿದ್ದಾರೆ. ಅವಳ ಎದೆಯಲ್ಲಂತೂ ಅಂದು ಜುಗುಪ್ಸೆಯ ಹೊರತು ಬೇರೇನೂ ಇರಲಿಲ್ಲ.

ಲೋಹದ ಸನಿಹದಲ್ಲಿ ತನ್ನ ಬಣ್ಣದ ಅಣುಗಳು ಹೆಚ್ಚು ಬೆಳಗುತ್ತವೆ ಎಂಬುದೇ ಅವಳ ಪ್ರಬಂಧದ ಪ್ರಾಣ. ಆದರೆ ತಿಂಗಳುಗಳಿಂದ ಅವು ಬೆಳಗಿರಲಿಲ್ಲ. 'ಈ ಹೊಲಸೇ ಕಾರಣ... ಇವನೇ ಕೆಡಿಸುತ್ತಿದ್ದಾನೆ!'

ದೂರು ಮಾರ್ಗದರ್ಶಕಿಯವರಿಗೆ ಮುಟ್ಟಿತು.

"ಕೆಡಿಸಿದ್ದಾನೆ ಅಂತ ಅಳೆದು ತೋರಿಸಮ್ಮ. ನಾಳೆಯಿಂದ ಅವನು ಇಲ್ಲಿರಲ್ಲ."

ಸಾಕ್ಷ್ಯಕ್ಕೆಂದೇ ಅವಳು ಆ ನಾರುವ ತುಣುಕಿನ ಮೇಲೆ ಬಣ್ಣ ಹಚ್ಚಿ, ಅಸಹ್ಯಪಡುತ್ತಲೇ ಬೆಳಕು ಅಳೆಯುವ ಯಂತ್ರದೊಳಗಿಟ್ಟಳು.

ಪರದೆಯ ಮೇಲಿನ ಗೆರೆ ಏರಿತು... ಏರುತ್ತಲೇ ಹೋಯಿತು.

ಅವಳಿಗೆ ಆಗ ಹೊಳೆಯಿತು. ಅಣುವು ಲೋಹಕ್ಕೆ ಮೈತಾಗಿ ಕುಳಿತರೆ, ಹೀರಿದ ಬೆಳಕನ್ನು ಸೂಸುವ ಮುನ್ನವೇ ಲೋಹ ಅದನ್ನು ಕಬಳಿಸುತ್ತದೆ. ತುಸು ಅಂತರವಿದ್ದರೆ ಅದೇ ಲೋಹ ಬೆಳಕನ್ನು ಹೆಚ್ಚಿಸುತ್ತದೆ. ಆ ನಾರುವ ಪದರದಿಂದ ಅವನು ಕಟ್ಟಿದ್ದು ಆ ಅಂತರವನ್ನೇ.

ನಾತದ ಮೇಲಿದ್ದ ಹೇಸಿಗೆಯೆಲ್ಲ ಈಗ ದೂರು ಹೇಳಿದ ಅವಳ ನಾಲಿಗೆಯ ಮೇಲೆಯೇ ತಿರುಗಿತು. ನೇರವಾಗಿ ಹೋಗಿ ಮಾರ್ಗದರ್ಶಕಿಯವರೆದುರು ತಪ್ಪೊಪ್ಪಿಕೊಂಡಳು.

"ನಾತ ಬಂದರೆ ದ್ರೋಹ ಅಂತ ಯಾವ ಶಾಸ್ತ್ರದಲ್ಲಿದೆಯಮ್ಮ? ಹೋಗು, ಅವನಿಗೇ ಹೇಳು."

ದೂರಿನ ಸುದ್ದಿ ತಿಳಿದಿದ್ದ ಅವನು ಹೊರಡಲೆಂದು ಸೀಸೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಅವನ್ನೆಲ್ಲ ಹೊರಗೆ ತೆಗೆದಿಡಿ. ತಪ್ಪು ನಂದು ಅಂತ ಮೇಡಂಗೆ ಹೇಳಿ ಬಂದೆ... ನೀವ್ಯಾಕೆ ಆಗ ಬಿಡಿಸಿ ಹೇಳಲಿಲ್ಲ?"

"ನೀವು ಮೂಗು ಮುಚ್ಚಿಕೊಂಡರೆ ಕಿವಿನೂ ಮುಚ್ಚಿಹೋಗುತ್ತಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಆದ್ರೂ ಕೇಳದೆ ಮುಟ್ಟಿದ್ದು ತಪ್ಪೇ."

"ತಪ್ಪೇ. ನೀವು ದಿನಾ ಆ ಸತ್ತ ಗೆರೆ ನೋಡಿ ಕಣ್ಣೊರೆಸಿಕೊಳ್ಳೋದು... ನನ್ನ ಕೈಲಿ ನೋಡೋಕಾಗ್ಲಿಲ್ಲ."

ಅವಳು ತಲೆ ತಗ್ಗಿಸಿದಳು. "ಇನ್ನು ಮೇಲೆ ಏನು ಮಾಡೋದಿದ್ರೂ ಮೊದಲು ಕೇಳಬೇಕು."

"ಸರಿ. ಹಾಗಾದ್ರೆ... ನಿಮ್ಮನ್ನ ಪ್ರೀತಿಸಬಹುದಾ?"

"ಯಾವಾಗಿಂದ?"

"ಒಂದು ವರ್ಷ ಆಯ್ತು."

"ಇದನ್ನೂ ಕೇಳದೆಯೇ ಮಾಡಿದ್ದೀರಲ್ಲ..." ಎನ್ನುತ್ತ ಅವಳು ಪೆಟ್ಟಿಗೆಯಿಂದ ಒಂದು ಸೀಸೆಯನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. "ಮುಂದುವರಿಸಿ."