ಮೋಹಕ ಬಲೆಯ ಸೇಡು

"ನನ್ನ ಸೋಯಾ ಹೊಲಕ್ಕೆ ಕಾಲಿಟ್ರೆ ಹುಷಾರ್!"

ಅವನು ಬದುವಿನ ಮೇಲೇ ನಿಂತುಬಿಟ್ಟ. ಕೀಟ ಸಮೀಕ್ಷೆಯ ಹುಡುಗ. ಕೂಗಿದ ಹುಡುಗಿಯ ಬಾಯಲ್ಲಿ ಹುಳಪ್ಪ.

"ಬಲೆ ನೋಡ್ಕೊಂಡು ಹೋಗ್ತೀನಿ ಕಣ್ರೀ..."

"ಹೋದ ವರ್ಷ ನೋಡಿದ್ದು ಸಾಲದಾ?"

ಹೇಗೆ ಮರೆತಾಳು! 'ಈಗಲೇ ಔಷಧಿ ಹೊಡೀಬೇಡಿ, ಕಾಯಿರಿ' ಎಂದು ಅಪ್ಪನಿಗೆ ಹೇಳಿದವನು ಇವನೇ. ಕಾದದ್ದಕ್ಕೆ ಹುಳ ಎಲೆಯನ್ನೆಲ್ಲ ಜರಡಿ ಮಾಡಿತು. ಊರೆಲ್ಲ ಆಡಿಕೊಂಡಿತು. ಇವನ ಕೆಲಸ ಕಳೆಯದೆ ಬಿಡುವುದಿಲ್ಲ ಎಂದು ಅಂದೇ ಪಣ ತೊಟ್ಟಿದ್ದಳು. ಆ ಹಾಳು ಕಣ್ಣುಗಳು ಎಷ್ಟು ಚೆಂದವಿದ್ದರೇನು?

ಮೋಹಕ ಬಲೆಯ ಗುಟ್ಟು ಅವಳಿಗೆ ಗೊತ್ತಿತ್ತು. ಒಳಗಿನ ರಬ್ಬರ್ ಬಿಲ್ಲೆಗೆ ಹೆಣ್ಣು ಪತಂಗದ ವಾಸನೆ. ಅದಕ್ಕೆ ಮರುಳಾಗಿ ಗಂಡು ಪತಂಗಗಳು ಬಂದು ಬೀಳುತ್ತವೆ. ಅವನ್ನು ಎಣಿಸಿ, ಔಷಧಿ ಬೇಕೋ ಬೇಡವೋ ಹೇಳುವುದೇ ಅವನ ಕೆಲಸ.

ಅವನು ಬೈಗುಳ ತಿಂದೇ ಹೊಲಕ್ಕಿಳಿದು ಗಿಡಗಳ ನಡುವೆ ಬಗ್ಗಿದ್ದಾಗ, ಬಲೆಯೊಳಗಿನ ಬಿಲ್ಲೆ ಕಿತ್ತು, ಬದುವಿನ ಮೇಲಿದ್ದ ಅವನ ಬ್ಯಾಗಿಗೆ ತುರುಕಿದಳು.

'ಅನುಭವಿಸು ಮಗನೇ!'

ಸಂಜೆ ಹೊಲದಂಚಿನಲ್ಲೇ ರೈತರ ಸಭೆ. ಅವನ ಮೇಲಧಿಕಾರಿಯೂ ಬಂದಿದ್ದರು. ಅವನು ಬ್ಯಾಗು ಹೆಗಲಿಗೇರಿಸಿ ಮಾತಿಗೆ ನಿಂತದ್ದೇ ತಡ, ಪತಂಗಗಳು ಮುತ್ತಿದವು... ಬ್ಯಾಗಿಗೆ, ತಲೆಗೆ, ಮೂಗಿಗೆ! ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ಹಾಲು ಕುಡಿದಷ್ಟು ಸಂತೋಷ.

ಅವನು ತಡಕಿ ಬಿಲ್ಲೆ ಹೊರತೆಗೆದ. ನೇರ ಅವಳನ್ನೇ ನೋಡಿದ.

'ಈಗ ನನ್ನ ಹೆಸರು ಹೇಳ್ತಾನೆ...'

"ನಂದೇ ತಪ್ಪು ಸಾರ್. ಬಲೆಗೆ ಹಾಕೋದು ಮರೆತೆ."

"ಬಿಲ್ಲೆ ಇಲ್ದೆ ಪತಂಗ ಎಣಿಸ್ತೀಯಾ?" ಮೇಲಧಿಕಾರಿ ಗುಡುಗಿದರು. "ನಾಳೆಯಿಂದ ಬರಬೇಡ!"

ಗೆದ್ದಳು. ಗೆದ್ದವಳೇಕೆ ತಲೆ ತಗ್ಗಿಸಿದಳು?

ಪಕ್ಕದಲ್ಲಿದ್ದ ಅಪ್ಪ ಪಿಸುಗುಟ್ಟಿದರು. "ಪಾಪ ಕಣೇ... ಹೋದ ವರ್ಷ ನನ್ನ ತಪ್ಪನ್ನೂ ಹೀಗೇ ತಲೆ ಮೇಲೆ ಹಾಕ್ಕೊಂಡ. ಬೇಡ ಅಂದ್ರೂ ನಾನೇ ಕದ್ದು ಔಷಧಿ ಹೊಡೆದೆ. ಹುಳ ತಿನ್ನೋ ಜೇಡ, ಗುಲಗಂಜಿ ಹುಳ ಎಲ್ಲ ಸತ್ತವು. ಆಮೇಲೆ ಹುಟ್ಟಿದ ಮರಿಹುಳಗಳಿಗೆ ಹೇಳೋರು ಕೇಳೋರು ಇಲ್ಲದಂಗಾಯ್ತು. ನಿನ್ನ ಬಾಯಿಗೆ ಹೆದರಿ ಸುಮ್ನಿದ್ದೆ."

ಅವಳ ಸಿಟ್ಟೆಲ್ಲ ಈಗ ಅವಳ ಮೇಲೇ ತಿರುಗಿತು. ಎದ್ದು ನಿಂತಳು.

"ಬಿಲ್ಲೆ ಕದ್ದು ಬ್ಯಾಗಿಗಿಟ್ಟಿದ್ದು ನಾನು! ಇವರ ಕೆಲಸ ತೆಗೀಬೇಡಿ ಸಾರ್!"

ಮೇಲಧಿಕಾರಿ ಇಬ್ಬರ ಮುಖವನ್ನೂ ನೋಡಿ, ಗೊಣಗುತ್ತಲೇ ಮಾತು ಹಿಂತೆಗೆದುಕೊಂಡರು.

ಜನ ಚದುರಿದ ಮೇಲೆ ಅವಳು ಅವನೆದುರು ನಿಂತಳು.

"ಹೋದ ವರ್ಷದ್ದು ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಸಿಟ್ಟೆಲ್ಲ ನಿಮ್ಮಪ್ಪನ ಪಾಲಾಗ್ತಿತ್ತು. ನೀವು ನನ್ನನ್ನ ಮಾತಾಡಿಸ್ತಿದ್ದದ್ದೇ ಬೈಯೋಕೆ... ಅದನ್ನೂ ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ."

ಅವಳ ಕಣ್ಣು ತುಂಬಿತು.

"ನನ್ನ ಸೇಡು ಇನ್ನೂ ಮುಗಿದಿಲ್ಲ ಕಣ್ರೀ."

"ಇನ್ನೇನು ಬಾಕಿ?"

"ನನ್ನನ್ನ ಮದುವೆಯಾಗಿ. ಜೀವನಪೂರ್ತಿ ತೀರಿಸ್ಕೊಳ್ತೀನಿ!"